ವೀಪ್: ನದಿ ಕಣಿವೆಯ ನೀರು ಹಂಚಲು ಹೇಗಿದೆ?

ಕಣಿವೆಯ ನೀರು ಯಾರಿಗೆ ಎಷ್ಟು ಸಿಗುತ್ತದೆ ಅಂತ ಲೆಕ್ಕ ಹಾಕುವ ವೀಪ್ (WEAP) ಸಾಫ್ಟ್‌ವೇರನ್ನು ಎರಡು ವರ್ಷದಿಂದ ಬಳಸುತ್ತಿದ್ದೇನೆ. ರೂಪಿಸಿದವರು ಸ್ಟಾಕ್‌ಹೋಮ್ ಎನ್ವಿರಾನ್ಮೆಂಟ್ ಇನ್‌ಸ್ಟಿಟ್ಯೂಟ್‌ನವರು. ಅಭಿವೃದ್ಧಿಶೀಲ ದೇಶಗಳ ಸರ್ಕಾರಿ ಕಚೇರಿಗಳಿಗೂ ಕಾಲೇಜುಗಳಿಗೂ ಲೈಸೆನ್ಸ್ ಉಚಿತ.

ನನಗೆ ಹಿಡಿಸಿದ್ದು ಇದರ ನಕ್ಷೆ. ನೀಲಿ ಗೆರೆ ಎಳೆದರೆ ನದಿ, ಹಸಿರು ತ್ರಿಕೋನ ಇಟ್ಟರೆ ಜಲಾಶಯ, ಕೆಂಪು ಚುಕ್ಕೆ ಇಟ್ಟರೆ ಊರು ಅಥವಾ ಹೊಲ. ಪ್ರತಿ ಚುಕ್ಕೆಗೂ 1ರಿಂದ 99ರೊಳಗೆ ಆದ್ಯತೆ ಕೊಡಬೇಕು. 1 ಅಂದ್ರೆ ಮೊದಲ ಪಾಲು. ಊರಿಗೆ 1, ಹೊಲಕ್ಕೆ 2 ಕೊಟ್ಟು ಬರದ ವರ್ಷವೊಂದರ ಲೆಕ್ಕ ಓಡಿಸಿದೆ. ಬೇಸಿಗೆ ಬಂದಾಗ, ಸಿಕ್ಕ ನೀರನ್ನು ತೋರಿಸುವ ಚಿತ್ರದಲ್ಲಿ ಹೊಲದ ಕಂಬ ಕುಸಿಯಿತು, ಊರಿನದು ಅಲುಗಲಿಲ್ಲ. ಎರಡಕ್ಕೂ 1 ಕೊಟ್ಟೆ. ಈಗ ಕೊರತೆ ಇಬ್ಬರಿಗೂ ಒಂದೇ ಪ್ರಮಾಣದಲ್ಲಿ ಹಂಚಿಹೋಯಿತು. ಒಂದು ಅಂಕಿ ಬದಲಾದರೆ ಯಾರ ಬೆಳೆ ಒಣಗುತ್ತದೆ ಅಂತ ಕಣ್ಣೆದುರೇ ಕಾಣುತ್ತದೆ. ಇಂಥದ್ದು ಸಭೆಯಲ್ಲಿ ಎಲ್ಲರಿಗೂ ಕಾಣಬೇಕು, ಅಲ್ವಾ?

ಸಾಮಾನ್ಯವಾಗಿ ಲೆಕ್ಕ ನಡೆಯುವುದು ತಿಂಗಳಿಗೊಮ್ಮೆ. ಎರಡು ದಿನದ ಪ್ರವಾಹಕ್ಕೆ ಇದನ್ನು ನೆಚ್ಚಬೇಡಿ. ಇನ್ನೊಂದು ಮಾತು. ಹೊಲದಿಂದ ಬಸಿದು ನದಿಗೆ ಮರಳುವ ನೀರನ್ನು ಲೆಕ್ಕಕ್ಕೆ ಹಾಕದಿದ್ದರೆ, ಕೆಳಗಿನ ಊರಿಗೆ ಇಲ್ಲದ ಬರ ಕಾಣಿಸುತ್ತದೆ. ನನಗೆ ಹಾಗೇ ಆಯಿತು, ತಪ್ಪು ಹುಡುಕಲು ಒಂದು ವಾರ ಹಿಡಿಯಿತು.