ಗಾಡಿ ಸ್ಟೀರಿಯೋದಾಗ ಸಿಳ್ಳಿ ಸಪ್ಪಳ: ಫಿಲ್ಟರ್, ಐಸೋಲೇಟರ್, ಹೊಸ ಆರ್‌ಸಿಎ, ಅರ್ಥಿಂಗ್, ನಾಲ್ಕೂ ಹಚ್ಚಿ ನೋಡ್ದೆ

ನಂದು 2014ರ ಡೀಸಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್. ಹೋದ ದೀಪಾವಳಿ ಮುಂದ ಹೊಸ ಹೆಡ್ ಯೂನಿಟ್ (ಡ್ಯಾಶ್‌ಬೋರ್ಡಿನ್ಯಾಗ ಕೂಡೋ ಸ್ಟೀರಿಯೋ), ಡಿಕ್ಕ್ಯಾಗ ನಾಲ್ಕು ಚಾನಲ್ ಆಂಪ್ (ದನಿ ದೊಡ್ಡದು ಮಾಡೋ ಆಂಪ್ಲಿಫೈಯರ್), ಬೇಸ್ ನುಡಿಸೋ ಒಂದು ಸಬ್ ವೂಫರ್ ಹಾಕಿಸ್ದೆ. ಅಂಗಡಿ ಮುಂದ ನಿಂತು ಕೇಳ್ದಾಗ ಮಸ್ತ್ ಇತ್ತು, ಯಾಕಂದ್ರ ಆಗ ಎಂಜಿನ್ ಬಂದ್ ಇತ್ತು. ಸ್ಟಾರ್ಟ್ ಮಾಡಿ ಕಲಬುರಗಿ ರಿಂಗ್ ರೋಡಿಗಿ ಬಂದ ಮ್ಯಾಲ ಗೊತ್ತಾಯ್ತು, ಟ್ವೀಟರ್‌ದಾಗಿಂದ, ಅಂದ್ರ ಸಣ್ಣ ದನಿ ನುಡಿಸೋ ಪುಟ್ಟ ಸ್ಪೀಕರಿನಾಗಿಂದ, ಸಣ್ಣಗ ಸಿಳ್ಳಿ ಹೊಡದಂಗ ಬರ್ಲತ್ತದ, ರೇಸ್ ಕೊಟ್ರ ಸಿಳ್ಳಿನೂ ಏರ್ತದ, ಬಿಟ್ರ ಇಳಿತದ. ಹಾಡು ಜೋರಿದ್ರ ಮುಚ್ಚಿ ಹೋಗ್ತದ ಖರೆ, ಆದ್ರ ನಾ ಗಾಡ್ಯಾಗ ಕೇಳೋದು ತತ್ವಪದ, ಭಜನಿ, ನಡುವ ಬರೀ ಏಕತಾರಿ ನುಡಿಯೋ ಜಾಗ ಬರ್ತದಲ್ಲ ಅಲ್ಲಿ ಈ ಸಿಳ್ಳಿ ಕಿವ್ಯಾಗ ಸೂಜಿ ಚುಚ್ಚಿದಂಗ ಆಗ್ತಿತ್ತು. ಅಷ್ಟು ರೊಕ್ಕ ಹಾಕಿ ಆ ಸಪ್ಪಳ ಕೇಳ್ಕೋತ ಹುಮನಾಬಾದ್ ತನಕ ಹೋಗೋದು ನನ್ನ ಕೈಲಿ ಆಗ್ಲಿಲ್ಲ.

ಈ ಸಪ್ಪಳ ಎಲ್ಲಿಂದ ಬರ್ತದ ಅನ್ನೋದು ಮೊದ್ಲ ಹೇಳ್ತೀನಿ, ಇಲ್ಲಂದ್ರ ಯಾವ ಸಾಮಾನು ಯಾಕ ಕೆಲಸ ಮಾಡ್ತು, ಯಾಕ ಮಾಡ್ಲಿಲ್ಲ ತಿಳಿಯೋದಿಲ್ಲ. ನಾವು ಡೈನಮೊ ಅಂತೀವಲ್ಲ, ಅದು ಆಲ್ಟರ್ನೇಟರ್, ಒಳಗ ಹುಟ್ಟೋದು ಮೂರು ಫೇಸ್ ಎಸಿ, ಅದನ್ನ ಆರು ಡಯೋಡ್ ಕೂಡಿ ಡಿಸಿ ಮಾಡ್ತಾವ. ಪೂರಾ ಸಪಾಟ್ ಡಿಸಿ ಆಗೋದಿಲ್ಲ, ಮ್ಯಾಲ ಸಣ್ಣ ಸಣ್ಣ ಅಲೆ ಉಳಿತಾವ. ಅಯಸ್ಕಾಂತದ 12 ಪೋಲ್ ಇದ್ದದ್ದು ಒಂದು ಸುತ್ತು ತಿರುಗಿದ್ರ 36 ಅಲೆ. ಎಂಜಿನ್ 800 ಆರ್‌ಪಿಎಂ ಇದ್ದಾಗ ಪುಲ್ಲಿ ಲೆಕ್ಕ ಎರಡೂವರಿ ಪಟ್ಟು ಹಿಡಿದ್ರ ಡೈನಮೊ 2000ಕ್ಕ ತಿರುಗ್ತದ, ಅಂದ್ರ ಸೆಕೆಂಡಿಗಿ 1200 ಅಲೆ, ಇನ್ನು ಎಂಜಿನ್ 2000ಕ್ಕ ಏರ್ಸಿದ್ರ 3000. ಮನುಷ್ಯಾನ ಕಿವಿ ಭಾಳ ಚುರುಕು ಇರೋದು ಇದೇ 2000ದಿಂದ 5000 ಹರ್ಟ್ಜ್ ನಡುವ, ಅದಕ್ಕ ಸಪ್ಪಳ ಸಣ್ಣದಿದ್ರೂ ಅಷ್ಟು ಕಾಡ್ತದ. ಈ ಅಲೆ ಎಲ್ಲಾ ಗಾಡ್ಯಾಗೂ ಇರ್ತಾವ, ಅದು ಡೈನಮೊದ ತಪ್ಪಲ್ಲ. ಅದು ಸ್ಪೀಕರ್ ತನಕ ಯಾವ ದಾರಿ ಹಿಡದು ಬರ್ಲತ್ತದ ಅಂತ ಹುಡುಕಬೇಕು.

ನಾ ಹಚ್ಚಿ ನೋಡಿದ್ದು ನಾಲ್ಕು. ಹೋಲಿಕೆ ಸರಿ ಆಗ್ಬೇಕಂತ ಒಂದು ಹಚ್ಚುವಾಗ ಇನ್ನೊಂದು ತೆಗದೀನಿ, ಆಂಪಿನ ಗೇನ್ (ಬರೋ ಸಿಗ್ನಲ್ ಎಷ್ಟು ದೊಡ್ಡದು ಮಾಡ್ಬೇಕು ಅನ್ನೋ ತಿರುಪು) ಮುಟ್ಟಿಲ್ಲ, ಹೆಡ್ ಯೂನಿಟ್ ವಾಲ್ಯೂಮ್ 15, ಹಾಡು ನಡುವ ನಿಂದ್ರಿಸಿ, ಎಂಜಿನ್ 2000, ಫೋನ್ ಡ್ರೈವರ್ ಸೀಟಿನ ಹೆಡ್‌ರೆಸ್ಟಿಗಿ ಕಟ್ಟಿ ರೆಕಾರ್ಡ್. ಎಲ್ಲಾ ಮುಂಜಾನಿ ಎಂಟರ ಒಳಗ, ಯಾಕಂದ್ರ ನಮ್ಮ ಕಡಿ ಮೇ ತಿಂಗಳಾಗ ಅದಾದ ಮ್ಯಾಲ ಡಿಕ್ಕ್ಯಾಗ ತಲಿ ಹಾಕಿ ಕೆಲಸ ಮಾಡ್ಲಿಕ್ಕೆ ಆಗಂಗಿಲ್ಲ, ಪಾನಾ ಸೈತ ಕೈ ಸುಡ್ತದ.

ಮೊದ್ಲ ತಂದದ್ದು ಪವರ್ ಫಿಲ್ಟರ್, 10 ಆಂಪಿಯರಿಂದು, 600 ರೂಪಾಯಿ. ಡಬ್ಬಿ ಒಳಗ ಒಂದು ಕಾಯಿಲ್, ಒಂದು ಕೆಪಾಸಿಟರ್, ಅಷ್ಟೇ. ಹೆಡ್ ಯೂನಿಟಿನ ಹಳದಿ ವೈರಿಗಿ ನಡುವ ಹಚ್ಚೋದು. ಹಚ್ಚಿದೆ, ಸಿಳ್ಳಿ ಹಾಂಗೇ ಇತ್ತು. ರೆಕಾರ್ಡಿಂಗ್ ಎರಡೂ ಒಂದರ ಹಿಂದ ಒಂದು ಕೇಳಿದ್ರ ಯಾವುದು ಯಾವುದಂತ ನನಗೂ ಗುರ್ತು ಸಿಗ್ಲಿಲ್ಲ. ಸಪ್ಪಳ ಪವರ್ ವೈರಿನಾಗಿಂದ ಹೆಡ್ ಯೂನಿಟ್ ಒಳಗ ಹೊಕ್ಕಿದ್ರ ಮಾತ್ರ ಇದು ತಡಿತದ, ನಂದು ಆ ದಾರಿ ಅಲ್ಲ. ಆಂಪಿಗಿ ಹಚ್ಚೋಣಂದ್ರ ಆಂಪ್ ಬೇಸ್ ಹೊಡದಾಗ 30-40 ಆಂಪಿಯರ್ ಎಳಿತದ, 10ರ ಫಿಲ್ಟರ್ ಅಲ್ಲಿ ಹಚ್ಚೋದು ಬೆಂಕಿ ಕೂಡ ಆಟ, ಯಾರೂ ಮಾಡಬ್ಯಾಡ್ರಿ.

ಎರಡನೇದು ಗ್ರೌಂಡ್ ಲೂಪ್ ಐಸೋಲೇಟರ್, 350 ರೂಪಾಯಿ, ಆಂಪಿನ ಇನ್‌ಪುಟ್ ಕಡಿ ಆರ್‌ಸಿಎ (ಹೆಡ್ ಯೂನಿಟಿಂದ ಆಂಪಿಗಿ ಹಾಡಿನ ಸಿಗ್ನಲ್ ಒಯ್ಯೋ ವೈರ್) ನಡುವ ಹಚ್ಚೋದು. ಗ್ರೌಂಡ್ ಅಂದ್ರ ಅರ್ಥಿಂಗ್, ಮೈನಸ್ ಕಡಿ; ಅದರ ಲೂಪ್ ಹ್ಯಾಂಗ ಆಗ್ತದ ಅನ್ನೋದು ಮುಂದ ಹೇಳ್ತೀನಿ. ಹಚ್ಚಿದ ಕೂಡ್ಲೇ ಸಿಳ್ಳಿ ಬಂದ್! ಅವತ್ತು ನನಗ ಎಷ್ಟು ಖುಷಿ ಆಯ್ತಂದ್ರ ಗಾಡಿ ತಗೊಂಡು ಅಪ್ಪನ ಕೆರಿ ಸುತ್ತ ಎರಡು ಸುತ್ತು ಹಾಕಿ ಬಂದೆ. ಆದ್ರ ರಾತ್ರಿ ಮನಿ ಮುಂದ ಗಾಡಿ ನಿಂದ್ರಿಸಿ ತಬಲಾ ಇರೋ ಒಂದು ಭಜನಿ ಕೇಳ್ದೆ, ಡಗ್ಗಾದ ಗುಮ್ಮ್ ಅನ್ನೋದು ಇಲ್ಲೇ ಇಲ್ಲ, ಡಬ್ಬಾ ಬಡದಂಗ ಕೇಳಿಸ್ತು. ಮರುದಿನ ಫೋನಿಂದ 30, 40, 50, 80 ಹರ್ಟ್ಜ್ ಟೆಸ್ಟ್ ಟೋನ್ ಹಚ್ಚಿ ನೋಡ್ದೆ, 80 ತಕ್ಕ ಮಟ್ಟಿಗಿ ಸರಿ ಅದ, 40ಕ್ಕ ಬಂದ್ರ ಸಬ್ ಅರ್ಧಾನೂ ಕೆಲಸ ಮಾಡ್ಲತ್ತಿಲ್ಲ, 30ರಾಗ ಸುಮ್ನ ನಡುಗ್ತದ ಅಷ್ಟೇ. ಕಾರಣ ಇಷ್ಟೇ, ಐಸೋಲೇಟರ್ ಒಳಗ ಇರೋದು ಒಂದಕ್ಕೊಂದು ಸಮ ಸುತ್ತಿನ ಪುಟ್ಟ ಟ್ರಾನ್ಸ್‌ಫಾರ್ಮರ್, ಸಿಗ್ನಲ್ ಅಯಸ್ಕಾಂತದ ಮ್ಯಾಲ ದಾಟ್ತದ, ತಾಮ್ರ ತಾಮ್ರ ಕೂಡೋದಿಲ್ಲ, ಹಾಂಗಾಗಿ ಲೂಪ್ ಕತ್ತರಿಸಿ ಹೋಗ್ತದ. ಆದ್ರ ಅಗ್ಗದ್ದ್ರಾಗ ಕೋರ್ ಉಗುರಷ್ಟು ಸಣ್ಣದು, ಬೇಸ್ ಜೋರ್ ಬಂದ್ರ ಅದು ತುಂಬಿ ಹೋಗ್ತದ, ದಾಟ್ಸಂಗಿಲ್ಲ. ಸಬ್ ಇಲ್ಲದ ಗಾಡಿಗಿ, ಬರೀ ಮುಂದಿನ ಡೋರ್ ಸ್ಪೀಕರ್ ಇರೋರಿಗಿ ಇದು ನಡಿತದ. ಸಬ್ ಹಾಕಿಸಿ ಮ್ಯಾಲ ಇದನ್ನ ಹಚ್ಚೋದಂದ್ರ ಹೋಳಿಗಿ ಮಾಡಿ ಹೂರಣ ತೆಗದಂಗ.

ಮೂರನೇದು ಆರ್‌ಸಿಎ ವೈರ್ ಬದ್ಲಿ ಮಾಡೋದು. ಅಂಗಡ್ಯಾಗ ಹಾಕಿದ್ದು ತೆಳ್ಳಂದು, ಅದೂ ಬ್ಯಾಟರಿಯಿಂದ ಬರೋ ದಪ್ಪ ಪವರ್ ವೈರಿನ ಮಗ್ಗಲಾಗೇ ಡ್ರೈವರ್ ಕಡಿಯಿಂದ ಟೇಪ್ ಸುತ್ತಿ ತಂದಿದ್ರು. ನಾ 900 ಕೊಟ್ಟು ಒಳಗ ಎರಡೂ ಎಳಿ ಒಂದಕ್ಕೊಂದು ಹೆಣದದ್ದು, ಮ್ಯಾಲ ಜಾಳಿಗಿ ಗಟ್ಟಿ ಇದ್ದದ್ದು ತಂದು, ಎಡಗಡಿಯಿಂದ, ಸೀಟು ಕಾರ್ಪೆಟ್ ಎಲ್ಲಾ ಬಿಚ್ಚಿ ಎಳದೆ, ಪೂರಾ ಒಂದು ಐತ್ವಾರ ಹೋಯ್ತು. ಎಲ್ಲಿ ಪವರ್ ವೈರ್ ದಾಟ್ಬೇಕೋ ಅಲ್ಲಿ ನೆಟ್ಟಗ ಅಡ್ಡ ದಾಟ್ಸಿದೆ, ಜೋಡಿ ಮಲಗ್ಸಿಲ್ಲ. ಫಲ? ಎಸಿ ಬ್ಲೋವರ್ ಹಚ್ಚಿದ್ರ ಒಂದು ಗುರ್‍ರ್ ಅನ್ನೋ ಸಪ್ಪಳ ಬರ್ತಿತ್ತು, ಅದು ಪೂರಾ ಹೋಯ್ತು. ಸಿಳ್ಳಿ ಸ್ವಲ್ಪ ಕಡಿಮಿ ಆಯ್ತು, ಹೋಗ್ಲಿಲ್ಲ. ರೊಕ್ಕ ದಂಡ ಅಂತ ನಾ ಹೇಳಂಗಿಲ್ಲ, ಆದ್ರ ಸಿಳ್ಳಿ ಸಲುವಾಗಿ ಮೊದ್ಲ ಇದಕ್ಕ ಕೈ ಹಾಕೋದು ಬ್ಯಾಡ.

ನಾಲ್ಕನೇದು ಅರ್ಥಿಂಗ್, ಅದು ನನಗ ಹೊಳದದ್ದಲ್ಲ. ಇಷ್ಟೊತ್ತಿಗಿ ನಮ್ಮ ಮಾಮಾ ಮನಿಗಿ ಬಂದಿದ್ದ. ಶಹಾಬಾದ್‌ದಾಗ ಮೋಟರ್ ರಿವೈಂಡಿಂಗ್ ಮಾಡ್ತಾನ, ಕಾರ್ ಸ್ಟೀರಿಯೋ ಅವನ ಕೆಲಸ ಅಲ್ಲ, ಆದ್ರ ಕರೆಂಟ್ ಅಂದ್ರ ಅವನಿಗಿ ನೀರು ಕುಡದಷ್ಟು ಸಲೀಸು. ಎಲ್ಲಾ ಕೇಳಿ ಒಂದೇ ಮಾತು ಅಂದ, "ಅಳಿಯಾ, ಪ್ಲಸ್ ಕಡಿ ಇಷ್ಟು ನೋಡಿದಿ, ಮೈನಸ್ ಎಲ್ಲಿ ಹಚ್ಯಾರ ನೋಡಿಯೇನು?" ನಾ ನೋಡಿರಲಿಲ್ಲ. ಮಲ್ಟಿಮೀಟರ್ ಮಿಲಿವೋಲ್ಟಿಗಿ ಹಾಕಿ, ಒಂದು ಮುಳ್ಳು ಬ್ಯಾಟರಿ ಮೈನಸ್ಸಿಗಿ ಉದ್ದ ವೈರ್ ಕಟ್ಟಿ, ಇನ್ನೊಂದು ಆಂಪಿನ ಗ್ರೌಂಡ್ ಟರ್ಮಿನಲ್ಲಿಗಿ ಹಚ್ಚಿ, ಎಂಜಿನ್ ಚಾಲೂ ಇಟ್ಟು ಹಾಡು ಜೋರ್ ಮಾಡಂದ. 160 ಮಿಲಿವೋಲ್ಟ್ ತೋರಿಸ್ತು. ಎರಡೂ ಮೈನಸ್ಸೇ, ಆದ್ರೂ ನಡುವ ಅಷ್ಟು ವೋಲ್ಟೇಜ್. 100ರ ಒಳಗ ಇರ್ಬೇಕು, ಎಷ್ಟು ಕಡಿಮಿ ಅಷ್ಟು ಛಲೋ.

ಹಿಂದಿನ ಸೀಟ್ ಎತ್ತಿ ನೋಡಿದ್ರ ಆಂಪಿನ ಅರ್ಥಿಂಗ್ ವೈರ್, ಅಂದ್ರ ಮೈನಸ್ಸನ್ನ ಗಾಡಿ ಬಾಡಿಗಿ ಕೂಡ್ಸೋ ವೈರ್, ಸೀಟ್ ಬೆಲ್ಟ್ ಬೋಲ್ಟಿಗಿ ಹಚ್ಯಾರ, ತೆಳಗ ಪೇಂಟ್ ಹಾಂಗೇ ಅದ, ಮ್ಯಾಲ ಜಂಗ್ ಹಿಡದದ, ಕಾರ್ಪೆಟ್ ಅಡಿ ನಮ್ಮ ಎರಿ ಮಣ್ಣಿನ ಧೂಳು ತೇವ ಹಿಡಕೊಂಡು ಕುಂತದ. ಸೀಟ್ ಬೆಲ್ಟ್ ಬೋಲ್ಟ್ ಜೀವ ಉಳಿಸೋ ಬೋಲ್ಟ್, ಅದನ್ನ ಸಡ್ಲ ಮಾಡಿ ವೈರ್ ಹಚ್ಚೋದು ಬ್ಯಾರೆ ತಪ್ಪು. ಪೇಂಟ್ ಕರೆಂಟ್ ಬಿಡಂಗಿಲ್ಲ, ಹಾಂಗಾಗಿ ಆಂಪ್ ತನ್ನ ಕರೆಂಟ್ ವಾಪಸ್ ಹೋಗ್ಲಿಕ್ಕೆ ಬ್ಯಾರೆ ದಾರಿ ಹುಡುಕ್ತದ, ಆ ದಾರಿ ಅಂದ್ರ ಆರ್‌ಸಿಎ ವೈರಿನ ಮ್ಯಾಲಿನ ಜಾಳಿಗಿ, ಅಲ್ಲಿಂದ ಹೆಡ್ ಯೂನಿಟ್, ಅಲ್ಲಿಂದ ಡ್ಯಾಶ್‌ಬೋರ್ಡಿನ ಅರ್ಥಿಂಗ್. ಡೈನಮೊದ ಅಲೆ ಆ ಜಾಳಿಗಿ ಮ್ಯಾಲ ಹರಿದ್ರ ಆಂಪ್ ಅದನ್ನೂ ಹಾಡಂತ ತಿಳ್ಕೊಂಡು ದೊಡ್ಡದು ಮಾಡ್ತದ. ಇದೇ ಗ್ರೌಂಡ್ ಲೂಪ್.

ಬ್ಯಾಟರಿ ಹತ್ರದ ಮೇನ್ ಫ್ಯೂಸ್ ತೆಗದು ಕೆಲಸ ಶುರು ಮಾಡಿದ್ವಿ. ಡಿಕ್ಕ್ಯಾಗ ಗಟ್ಟಿ ತಗಡು ಇರೋ ಜಾಗ ನೋಡಿ, ತೆಳಗ ಡೀಸಲ್ ಟ್ಯಾಂಕ್, ಬ್ರೇಕ್ ಪೈಪ್ ಏನೂ ಇಲ್ಲಂತ ಗಾಡಿ ಅಡಿ ಮಲಗಿ ಎರಡು ಸಲ ಖಾತ್ರಿ ಮಾಡ್ಕೊಂಡು, ಪಾಲಿಶ್ ಪೇಪರಿಂದ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಜಾಗ ತಗಡು ಥಳಥಳ ಹೊಳಿಯೋ ತನಕ ಕೆರದ್ವಿ. ಪವರ್ ವೈರ್ ಎಷ್ಟು ದಪ್ಪ ಅದನೋ ಅಷ್ಟೇ ದಪ್ಪಂದು, 40 ಸೆಂಟಿಮೀಟರ್ ಉದ್ದ, ತುದಿಗಿ ತಾಮ್ರದ ಥಿಂಬಲ್ ಒತ್ತಿ, ಸ್ಟಾರ್ ವಾಷರ್ ಇಟ್ಟು ನಟ್ ಬೋಲ್ಟ್ ಬಿಗದು, ಬಿಗದ ಮ್ಯಾಲ ಮೇಲ್ಗಡಿ ಪೇಂಟ್ ಬಳದ್ವಿ ಜಂಗ್ ಹಿಡಿಬಾರದಂತ. ಹೆಡ್ ಯೂನಿಟಿಂದೂ ಕಪ್ಲರಿನ ಸಣ್ಣ ಕರಿ ವೈರ್ ಬಿಟ್ಟು, ಡ್ಯಾಶ್ ಒಳಗಿನ ಲೋಹದ ಪಟ್ಟಿಗಿ ಸೀದಾ ಒಂದು ವೈರ್ ಕೊಟ್ಟೆ. ಎಲ್ಲಾ ಕೂಡಿ ಖರ್ಚು 150.

ಮೀಟರ್ 12 ಮಿಲಿವೋಲ್ಟ್ ತೋರಿಸ್ತು. ಸ್ಟಾರ್ಟ್ ಮಾಡಿ ರೇಸ್ ಕೊಟ್ಟೆ, ಏನೂ ಇಲ್ಲ. ಟ್ವೀಟರಿಗಿ ಕಿವಿ ಹಚ್ಚಿ ಕೇಳಿದ್ರ ಎಲ್ಲೋ ದೂರ ಸಣ್ಣಗ, ಸೀಟಿನ್ಯಾಗ ಕುಂತ್ರ ಅದೂ ಇಲ್ಲ. ಡಗ್ಗಾ ಎದಿಗಿ ಬಡದಂಗ ಬಂತು. ಆಮ್ಯಾಲ ಹಳೇ ತೆಳ್ಳನ ಆರ್‌ಸಿಎ ವಾಪಸ್ ಹಚ್ಚಿ ನೋಡ್ದೆ, ಸಿಳ್ಳಿ ಆಗ್ಲೂ ಬರ್ಲಿಲ್ಲ, ಬ್ಲೋವರ್ ಸಪ್ಪಳ ಮಾತ್ರ ಬಂತು. ಅದಕ್ಕ ಈಗ ಗಾಡ್ಯಾಗ ಇರೋದು ಹೊಸ ಅರ್ಥಿಂಗ್ ಮತ್ತ ಹೊಸ ಆರ್‌ಸಿಎ, ಫಿಲ್ಟರ್ ಐಸೋಲೇಟರ್ ಎರಡೂ ತೆಗದೀನಿ. ಗೇನ್ ಸೈತ ಇಳಿಸೀನಿ, ಅಂಗಡ್ಯಾಗ ಮುಕ್ಕಾಲು ತಿರುವಿ ಇಟ್ಟಿದ್ರು, ಗೇನ್ ಜಾಸ್ತಿ ಇದ್ದಷ್ಟು ಸಪ್ಪಳನೂ ದೊಡ್ಡದಾಗ್ತದ.

ಹಾಂಗಂತ ಎಲ್ಲಾರೂ ಅರ್ಥಿಂಗೇ ಕೆರಿರಿ ಅಂತ ನಾ ಹೇಳ್ಲತ್ತಿಲ್ಲ. ಬೀದರ್‌ದಾಗ ನಮ್ಮ ಕಾಕಾನ ಮಗನ ಪೆಟ್ರೋಲ್ ಗಾಡ್ಯಾಗೂ ಇದೇ ಸಿಳ್ಳಿ, ಅಲ್ಲಿ ಆಂಪೇ ಇಲ್ಲ. ಹೋಗಿ ಮೀಟರ್ ಹಿಡದೆ, ಎಲ್ಲಾ ಸರಿ ಅದ. "ಅಣ್ಣಾ, ಫೋನ್ ಚಾರ್ಜಿಗಿ ಹಾಕ್ದಾಗ ಅಷ್ಟೇ ಬರ್ತದ ನೋಡು" ಅಂತ ಅವನೇ ಹೇಳ್ದ, ಚಾರ್ಜರ್ ಕಿತ್ತಿದ್ರ ಬಂದ್. ಫೋನಿಗಿ ಒಂದು ಕಡಿ ಚಾರ್ಜರ್, ಇನ್ನೊಂದು ಕಡಿ ಸ್ಟೀರಿಯೋಕ್ಕ ಹಾಡು ಒಯ್ಯೋ ಆಕ್ಸ್ ವೈರ್, ಎರಡೂ ಕೂಡಿ ಫೋನಿನ ಮ್ಯಾಲೇ ಲೂಪ್ ಆಗಿತ್ತು. ಅಲ್ಲಿ ನನ್ನ ಪೆಟ್ಟಿಗ್ಯಾಗ ಬಿದ್ದಿದ್ದಂಥದೇ ಐಸೋಲೇಟರ್, ಆಕ್ಸಿಂದು, ಹಚ್ಚಿದ ಕೂಡ್ಲೇ ಕೆಲಸ ಮುಗೀತು, ಸಬ್ ಇಲ್ಲಂತ ಬೇಸ್ ಹೋದದ್ದೂ ಅವನಿಗಿ ಗೊತ್ತಾಗ್ಲಿಲ್ಲ. ಬ್ಲೂಟೂತ್ ಹಚ್ಚಿದ್ರ ಅದೂ ಬೇಕಾಗಿರಲಿಲ್ಲ, ಆದ್ರ ಅವನಿಗಿ ಆಕ್ಸೇ ಇಷ್ಟ.

ಅದಕ್ಕ ಸಾಮಾನು ತರೋಕಿಂತ ಮೊದ್ಲ ಹತ್ತು ನಿಮಿಷ ಟೆಸ್ಟ್ ಮಾಡ್ರಿ. ಆಂಪ್ ಬಂದ್ ಮಾಡಿ ಆರ್‌ಸಿಎ ಕೀಳ್ರಿ, ಎರಡು ಹಳೇ ಆರ್‌ಸಿಎ ಪಿನ್ ತಗೊಂಡು ನಡುವಿನ ಕಡ್ಡಿಗಿ ಮತ್ತ ಹೊರಗಿನ ರಿಂಗಿಗಿ ಒಂದು ತುಂಡು ವೈರ್ ಬೆಸುಗಿ ಹಾಕಿ ಆಂಪಿನ ಇನ್‌ಪುಟ್ಟಿಗಿ ತುರುಕಿ ಮತ್ತ ಚಾಲೂ ಮಾಡ್ರಿ. ಸಪ್ಪಳ ಹೋದ್ರ ಕೊರತಿ ಮುಂದಿನ ಹೆಡ್ ಯೂನಿಟ್ ಕಡಿ ಇಲ್ಲಾ ಲೂಪ್‌ದಾಗ ಅದ, ಹೋಗದೆ ಉಳದ್ರ ಆಂಪಿನ ಪವರ್ ಇಲ್ಲಾ ಅರ್ಥಿಂಗ್ ಕಡಿ ಅದ. ಈ ಪಿನ್ ಹೆಡ್ ಯೂನಿಟ್ ಕಡಿ ಮಾತ್ರ ಹಚ್ಚಬ್ಯಾಡ್ರಿ, ಔಟ್‌ಪುಟ್ ಶಾರ್ಟ್ ಆಗ್ತದ. ಮತ್ತ ಸಿಸ್ಟಮ್ ಚಾಲೂ ಇದ್ದಾಗ ಆರ್‌ಸಿಎ ಕೀಳೋದು ಹಚ್ಚೋದು ಮಾಡಬ್ಯಾಡ್ರಿ, ಕೆಲವು ಹೆಡ್ ಯೂನಿಟ್ ಒಳಗ ಆರ್‌ಸಿಎ ಗ್ರೌಂಡಿಗಿ ಅಕ್ಕಿ ಕಾಳಿನಷ್ಟು ಸಣ್ಣ ಫ್ಯೂಸ್ ಇರ್ತದ, ಅದು ಹಾರಿದ್ರ ಹೊಸದಾಗಿ ಸಿಳ್ಳಿ ಶುರು ಆಗ್ತದ. ಹಾರ್ಯದೋ ಇಲ್ಲೋ ನೋಡ್ಲಿಕ್ಕೆ ಆರ್‌ಸಿಎ ಹೊರಗಿನ ರಿಂಗಿಂದ ಹೆಡ್ ಯೂನಿಟ್ ಬಾಡಿಗಿ ಒಂದು ವೈರ್ ಮುಟ್ಟಿಸಿದ್ರ ಸಾಕು, ಸಿಳ್ಳಿ ನಿಂತ್ರ ಅದೇ.

ಒಂದು ಸಪ್ಪಳ ನಂದಿನ್ನಾ ಉಳದದ. ಎಲ್‌ಇಡಿ ಹೆಡ್‌ಲೈಟ್ ಹಾಕಿಸಿದ ಮ್ಯಾಲ ಲೈಟ್ ಹಚ್ಚಿದ್ರ ಆಕಾಶವಾಣಿ ಮೀಡಿಯಂ ವೇವ್‌ದಾಗ ಜರ್‍ರ್ ಅಂತದ, ಲೈಟ್ ಆರಿಸಿದ್ರ ಕ್ಲಿಯರ್. ಇದು ವೈರಿನಾಗಿಂದ ಅಲ್ಲ, ಗಾಳ್ಯಾಗಿಂದ ಆಂಟೆನಾಕ್ಕ ಬರೋದು, ನಾಲ್ಕರಾಗ ಒಂದೂ ಇದಕ್ಕ ಮದ್ದಲ್ಲ. ಲೈಟಿಗಿ ಕರೆಂಟ್ ಕೊಡೋ ಡ್ರೈವರ್ ಡಬ್ಬಿ ವೈರಿಗಿ ಸಪ್ಪಳ ತಡಿಯೋ ಫೆರೈಟ್ ಕ್ಲಿಪ್ ಎರಡೆರಡು ಹಚ್ಚೀನಿ, ಅರ್ಧ ಕಡಿಮಿ ಆಗ್ಯದ. ಬರೋ ಐತ್ವಾರ ಮಾಮಾ ಬರ್ತಾನ, ಆಂಟೆನಾ ಬುಡ ಬಿಚ್ಚಿ ಅಲ್ಲಿ ಜಂಗ್ ಹಿಡದದೇನು ನೋಡೋದದ.