ಒಂದೇ ಹೈಜಂಪ್, ಮೂರು ವಿಧಾನ: ಕಾಗದದ ಮೇಲೆ ಯಾವುದು ನಿಲ್ಲುತ್ತದೆ?

ಕೈಯಿಂದ ಬಿಡಿಸುವ ಕ್ರೀಡಾ ಅನಿಮೇಷನ್‌ನಲ್ಲಿ ವಿಧಾನಗಳನ್ನು ತೂಗಿ ನೋಡಲು ಹೈಜಂಪ್ ಒಳ್ಳೆಯ ಶಾಟ್. ಓಟ, ನೆಲ ಒದೆಯುವುದು, ಗಾಳಿಯಲ್ಲಿ ತಿರುಗುವ ಮೈ, ಮ್ಯಾಟ್ ಮೇಲೆ ಬೀಳುವ ಭಾರ ಎಲ್ಲವೂ ಮೂರೇ ಸೆಕೆಂಡಿನಲ್ಲಿ ಬಂದುಹೋಗುತ್ತವೆ. ಸೆಕೆಂಡಿಗೆ 24 ಫ್ರೇಮಿನಂತೆ ಒಟ್ಟು 72 ಫ್ರೇಮು: ಕೊನೆಯ ನಾಲ್ಕು ಹೆಜ್ಜೆಗೆ ತಲಾ 6, ಚಿಮ್ಮುವ ಪಾದ ನೆಲಕ್ಕೆ ತಾಗಿರಲು 4, ಏರಲು 11, ಇಳಿಯಲು 13, ಮ್ಯಾಟ್ ಕುಗ್ಗಿ ಏಳಲು ಉಳಿದ 20. ಆನ್ ಟೂಸ್, ಅಂದರೆ ಒಂದು ಚಿತ್ರಕ್ಕೆ ಎರಡು ಫ್ರೇಮು ಕೊಟ್ಟರೆ 36 ಹಾಳೆ. ಪಾದ ಒದೆಯುವ ಆ 4 ಫ್ರೇಮನ್ನು ಮಾತ್ರ ಆನ್ ಒನ್ಸ್, ಅಂದರೆ ಫ್ರೇಮಿಗೊಂದು ಚಿತ್ರದಂತೆ ಮಾಡಲೇಬೇಕು. ಎರಡೇ ಚಿತ್ರ ಇಟ್ಟರೆ ಮೊಣಕಾಲು ಮಡಿಯುವುದೇ ಕಾಣುವುದಿಲ್ಲ, ಓಡುತ್ತಿದ್ದವನು ಇದ್ದಕ್ಕಿದ್ದಂತೆ ಮೇಲಿರುತ್ತಾನೆ. ಹಾಗಾಗಿ 38 ಹಾಳೆ.

ಈ ಶಾಟನ್ನು ಸ್ಟ್ರೇಟ್ ಅಹೆಡ್, ರೋಟೋಸ್ಕೋಪ್, ಪೋಸ್ ಟು ಪೋಸ್ ಮೂರರಲ್ಲೂ ಬಿಡಿಸಿ ನೋಡಿದ ಮೇಲೆ ನಮ್ಮ ಮತ ಪೋಸ್ ಟು ಪೋಸ್‌ಗೆ. ಉಳಿದೆರಡನ್ನು ಪೂರ್ತಿ ಬಿಡಬೇಕಿಲ್ಲ.

ಸ್ಟ್ರೇಟ್ ಅಹೆಡ್ ಎಂದರೆ ಮೊದಲ ಹಾಳೆಯಿಂದ ಹಿಡಿದು ಒಂದರ ಹಿಂದೊಂದು ಬಿಡಿಸುತ್ತ ಹೋಗುವುದು. ಗೆರೆಗೆ ಜೀವ ಇರುತ್ತದೆ, ನಿಜ. ಆದರೆ ಬಾರ್ ಇರುವ ಜಾಗ ಬದಲಾಗುವುದಿಲ್ಲ, ಆಟಗಾರ ಅಲ್ಲಿಗೆ ಸರಿಯಾಗಿ ಬಂದು ತಲುಪಬೇಕು. ಹಾಳೆಗೆ ಒಂದು ಮಿಲಿಮೀಟರ್ ತಲೆ ದೊಡ್ಡದಾದರೂ ಬಾರ್ ಬಳಿ ಬರುವಷ್ಟರಲ್ಲಿ ಬೇರೆ ಆಳೇ ಆಗಿಬಿಡುತ್ತಾನೆ. ಇದು ಹೇಳಿ ಮಾಡಿಸಿದಂತಿರುವುದು ಮ್ಯಾಟ್ ಕುಗ್ಗುವುದಕ್ಕೆ, ಕೂದಲಿಗೆ, ಸಡಿಲ ಜರ್ಸಿಗೆ. ಮೈ ಮುಗಿದ ಮೇಲೆ ಅವನ್ನು ಹೀಗೇ ಬಿಡಿಸಿ.

ಮ್ಯಾಕ್ಸ್ ಫ್ಲೈಷರ್ 1917ರಲ್ಲಿ ಪೇಟೆಂಟ್ ಪಡೆದ ರೋಟೋಸ್ಕೋಪ್, ಚಿತ್ರೀಕರಿಸಿದ ಫ್ರೇಮುಗಳ ಮೇಲೆ ಹಾಳೆಯಿಟ್ಟು ಗೆರೆ ಎಳೆಯುವ ವಿಧಾನ. ಮೊದಲ ಎಡವಟ್ಟು ಫ್ರೇಮ್ ರೇಟಿನದು. ಸೆಕೆಂಡಿಗೆ 30 ಫ್ರೇಮಿನ ವಿಡಿಯೊವನ್ನು ಒಂದೂ ಬಿಡದೆ ಎಳೆದು 24ರಲ್ಲಿ ಓಡಿಸಿದರೆ ಜಿಗಿತ ಕಾಲು ಭಾಗ ಹೆಚ್ಚು ಹೊತ್ತು ಹಿಡಿಯುತ್ತದೆ. ಪ್ರತಿ ಐದನೆಯದನ್ನು ಬಿಟ್ಟರೆ ಅಲ್ಲಲ್ಲಿ ಎಗರುತ್ತದೆ. 60ರಲ್ಲಿ ಚಿತ್ರೀಕರಿಸಿ ಐದಕ್ಕೊಂದು ಫ್ರೇಮ್ ತೆಗೆದುಕೊಂಡರೆ ಸೆಕೆಂಡಿಗೆ ಸರಿಯಾಗಿ 12 ಚಿತ್ರ, ಆನ್ ಟೂಸ್‌ಗೆ ಬೇಕಾದಷ್ಟೇ. ಇಷ್ಟು ಸರಿಮಾಡಿದರೂ ಇನ್ನೊಂದು ತೊಡಕಿದೆ. ಕಣ್ಣಿಗೆ ಸಿಗುವುದು ಬಟ್ಟೆಯ ಅಂಚು, ಅದರ ಒಳಗಿನ ಮೂಳೆಯಲ್ಲ. ಪ್ರತಿ ಹಾಳೆಯಲ್ಲೂ ಅಂಚನ್ನು ಹೊಸದಾಗಿ ಹಿಡಿಯುವುದರಿಂದ ಓಡಿಸಿದಾಗ ಗೆರೆ ಕುದಿಯುತ್ತದೆ, ಅಂದರೆ ಒಂದೆಡೆ ನಿಲ್ಲದೆ ನಡುಗುತ್ತದೆ. ಕೈಕಾಲು ಅತಿ ವೇಗವಾಗಿರುವ ಕಡೆ ವಿಡಿಯೊ ಮಸುಕು, ಅಲ್ಲಿ ಊಹೆಯೇ ಗತಿ. ಸೊಂಟ, ಭುಜ, ಮೊಣಕಾಲುಗಳಿಗೆ ಚುಕ್ಕೆ ಹಾಕಿಕೊಂಡು ವಿಡಿಯೊ ಮುಚ್ಚಿಡುವುದು ಲೇಸು.

ಪೋಸ್ ಟು ಪೋಸ್‌ನಲ್ಲಿ ಮುಖ್ಯ ಭಂಗಿಗಳ ಕೀ ಚಿತ್ರ ಮೊದಲು, ನಡುವಿನವು ಆಮೇಲೆ. ಇಲ್ಲಿ ಏಳು ಕೀ ಚಿತ್ರ: ಕೊನೆಯ ಹೆಜ್ಜೆ, ಪಾದ ಊರಿದ್ದು, ನೆಲ ಬಿಟ್ಟದ್ದು, ತುತ್ತತುದಿ, ಕಾಲು ಮೇಲಕ್ಕೆ ಝಾಡಿಸಿದ್ದು, ಮ್ಯಾಟ್ ಮುಟ್ಟಿದ್ದು, ಪೂರ್ತಿ ಹೂತದ್ದು. ಈ ಏಳನ್ನೇ ಮೇಲಿನ ಲೆಕ್ಕದಲ್ಲಿರುವಷ್ಟು ಫ್ರೇಮ್ ನಿಲ್ಲಿಸಿ ಪೆನ್ಸಿಲ್ ಟೆಸ್ಟ್ (ಕಚ್ಚಾ ಚಿತ್ರಗಳನ್ನೇ ಓಡಿಸಿ ನೋಡುವ ಪರೀಕ್ಷೆ) ತೆಗೆದರೆ ತಪ್ಪೆಲ್ಲ ಅಲ್ಲೇ ಬಯಲಾಗುತ್ತದೆ. ಸ್ಟ್ರೇಟ್ ಅಹೆಡ್‌ನಲ್ಲಿ ಅದೇ ತಪ್ಪು ಗೊತ್ತಾಗುವುದು ಮೂವತ್ತನೆಯ ಹಾಳೆಯ ಹೊತ್ತಿಗೆ.

ಭಾರ ಕಾಣುವುದು ಅಂತರದಲ್ಲಿ. ಆಟಗಾರ ಕಾಗದದ ಮೇಲೆ ಹತ್ತೂವರೆ ಸೆಂಟಿಮೀಟರ್ ಎತ್ತರವಿದ್ದರೆ, ತುದಿಯಿಂದ ಎರಡೆರಡು ಫ್ರೇಮಿಗೆ ಕೆಳಮುಖವಾಗಿ 2, 8, 18, 32, 50 ಮಿ.ಮೀ. ಗುರುತು ಹಾಕಿ, ಅಡ್ಡಕ್ಕೆ ಅಂತರ ಸಮನಾಗಿರಲಿ. ಏರುವಾಗ ಇದೇ ಲೆಕ್ಕ ತಿರುಗುಮುರುಗು. ಕೆಳಮುಖವಾಗಿಯೂ ಸಮ ಅಂತರ ಕೊಟ್ಟರೆ ಲಿಫ್ಟಿನಲ್ಲಿ ಇಳಿದ ಹಾಗಿರುತ್ತದೆ. ಆದರೆ ಈ ಗುರುತು ಸೊಂಟದ್ದಲ್ಲ, ಗುರುತ್ವ ಕೇಂದ್ರದ್ದು. ಡಿಕ್ ಫಾಸ್‌ಬರಿ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 2.24 ಮೀಟರ್ ದಾಟಿ ಚಿನ್ನ ಗೆದ್ದ ಶೈಲಿಯಲ್ಲಿ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ತಲೆ, ಕಾಲು ಕೆಳಗೆ ಜೋಲುವುದರಿಂದ ಗುರುತ್ವ ಕೇಂದ್ರ ಮೈಯಿಂದ ಹೊರಗೆ, ಬಾರ್‌ಗಿಂತ ಕೆಳಗೂ ಹೋಗಬಹುದು. ಸೊಂಟವನ್ನೇ ಈ ಗುರುತುಗಳ ಕಮಾನಿನ ಮೇಲೆ ಕೂರಿಸಿದರೆ ಬಾರ್ ದಾಟುವ ಕ್ಷಣ ಸಪ್ಪೆ. ಕೇಂದ್ರವನ್ನು ಕೆಂಪು ಪೆನ್ಸಿಲ್ ಚುಕ್ಕೆಯಾಗಿ ಇಟ್ಟು, ಸೊಂಟವನ್ನು ಅದರ ಮೇಲಕ್ಕೆ ತಳ್ಳಿ.

ಪೋಸ್ ಟು ಪೋಸ್‌ನಲ್ಲಿ ಕೈಕೊಡುವುದು ಇನ್‌ಬಿಟ್ವೀನ್, ಅಂದರೆ ಎರಡು ಕೀಗಳ ನಡುವಿನ ಚಿತ್ರ. ಎರಡು ಕೀ ದೂರದೂರ ಇದ್ದಾಗ ನಟ್ಟನಡುವೆ ಕಣ್ಣಳತೆಯಲ್ಲಿ ಬಿಡಿಸಿದರೆ ಮೈ ಕುಗ್ಗುತ್ತದೆ, ಕಮಾನು ನೇರವಾಗುತ್ತದೆ. ಎರಡೂ ಹಾಳೆಗಳನ್ನು ಪೆಗ್‌ನಿಂದ (ಹಾಳೆಯ ರಂಧ್ರಕ್ಕೆ ಕೂರುವ ಗೂಟ) ತೆಗೆದು, ಲೈಟ್ ಬಾಕ್ಸ್ (ಒಳಗಿನಿಂದ ಬೆಳಕು ಬರುವ ಪೆಟ್ಟಿಗೆ) ಮೇಲೆ ಮೈಗೆ ಮೈ ಕೂಡುವಂತೆ ಇಟ್ಟು ಟೇಪ್ ಹಚ್ಚಿ. ಖಾಲಿ ಹಾಳೆಯನ್ನು ಮೇಲಿಟ್ಟು, ಅದರ ರಂಧ್ರಗಳು ಕೆಳಗಿನ ಎರಡರ ರಂಧ್ರಗಳ ನಡುವೆ ಬರುವಂತೆ, ಜೊತೆಗೆ ಕೆಂಪು ಚುಕ್ಕೆ ಕಮಾನಿನ ಮೇಲೆ ಬೀಳುವಷ್ಟು ಸರಿಸಿ. ಬಿಡಿಸಿ, ಮತ್ತೆ ಪೆಗ್‌ಗೆ ಹಾಕಿದರೆ ಚಿತ್ರ ತಾನಾಗಿಯೇ ಜಾಗಕ್ಕೆ ಬರುತ್ತದೆ.

ಇದೆಲ್ಲ ರಂಧ್ರ ಗಟ್ಟಿಯಿದ್ದರೆ ಮಾತ್ರ. ಕಚೇರಿಯ ಪಂಚ್ 80 ಮಿ.ಮೀ. ಅಂತರದಲ್ಲಿ ಎರಡು ದುಂಡು ರಂಧ್ರ ಹಾಕುತ್ತದೆ. ಅಗ್ಗ, ಎ4 ಹಾಳೆಗೆ ಸಾಕು, ಆದರೆ ಹಾಳೆಗಳನ್ನು ತಿರುವಿ ತಿರುವಿ ನೋಡುವಾಗ ಬೇಗ ಸಡಿಲವಾಗಿ ಇಡೀ ಚಿತ್ರ ಅದುರುತ್ತದೆ. ಆಕ್ಮೆ ಪೆಗ್ ಬಾರ್‌ನಲ್ಲಿ ನಡುವೆ ಒಂದು ದುಂಡು ಪೆಗ್, ಅತ್ತಿತ್ತ ಎರಡು ಚಪ್ಪಟೆ; ಹಾಳೆ ಓಲಾಡುವುದಿಲ್ಲ, ಪಂಚ್ ಮಾತ್ರ ದುಬಾರಿ. ಕಚೇರಿ ಪಂಚ್‌ನಲ್ಲೇ ಮಾಡುವುದಾದರೆ ಸವೆದ ರಂಧ್ರದ ಮೇಲೆ ಹೊಸದಾಗಿ ಪಂಚ್ ಮಾಡಿದ ಕಾಗದದ ಪಟ್ಟಿಯನ್ನು ಪೆಗ್‌ನಲ್ಲೇ ಕೂರಿಸಿ ಟೇಪ್ ಹಚ್ಚಿ. ಸ್ಕ್ಯಾನರ್ ಗಾಜಿನ ಅಂಚಿಗೂ ಇದೇ ಅಳತೆಯ ಪೆಗ್ ಅಂಟಿಸಬೇಕು. ಕಾಗದದ ಅಂಚನ್ನೇ ನಂಬಿ ಸ್ಕ್ಯಾನ್ ಮಾಡಿದರೆ ಅಲ್ಲಿಯವರೆಗಿನ ಜೋಪಾನವೆಲ್ಲ ವ್ಯರ್ಥ, ಏಕೆಂದರೆ ಹಾಳೆಯಿಂದ ಹಾಳೆಗೆ ಅಂಚು ರಂಧ್ರದಿಂದ ಒಂದೇ ದೂರದಲ್ಲಿ ಇರುವುದಿಲ್ಲ.