ಆಟೋಮ್ಯಾಟಿಕ್ ಮಳೆಮಾಪಕ: ಕೊಡಗಿನ ತೋಟದಲ್ಲಿ ಎಷ್ಟು ನಂಬಬಹುದು?

ಕೊಡಗಿನ ತೋಟಗಳಲ್ಲಿ ಮಳೆಯ ಲೆಕ್ಕ ಇಂಚು-ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಫೋನಿನಲ್ಲಿ "ನಿಮ್ಮಲ್ಲಿ ಎಷ್ಟಾಯ್ತು?" ಎಂದರೆ "ಒಂದೂ ನಲವತ್ತು" (ಒಂದು ಇಂಚು ನಲವತ್ತು ಸೆಂಟು) ಎಂದು ಬರುವ ಉತ್ತರ ಇಷ್ಟು ವರ್ಷ ಕಣದ ಮೂಲೆಯ ಹಳೇ ಡಬ್ಬಿಯಿಂದ, ಅಂದರೆ ಕೈಯಲ್ಲಿ ಅಳೆಯುವ ಮಳೆಮಾಪಕದಿಂದ, ಬರುತ್ತಿತ್ತು. ಈಗ ಆ ಜಾಗಕ್ಕೆ ವೈರ್‌ಲೆಸ್ ಡಿಸ್‌ಪ್ಲೇ ಇರುವ ಮಾಪಕ ಬಂದಿದೆ. ಕಂಪನಿ ಯಾವುದೇ ಇರಲಿ, ಹೆಚ್ಚಿನವುಗಳ ಒಳಗೆ ಇರುವುದು ಟಿಪ್ಪಿಂಗ್ ಬಕೆಟ್: ಏತದಂತೆ ತೂಗುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಮಗುಚಿದ್ದಕ್ಕೊಮ್ಮೆ 0.2 ಮಿ.ಮೀ. ಅಥವಾ 0.254 ಮಿ.ಮೀ. ಲೆಕ್ಕ. ಎರಡನೆಯದು ಸರಿಯಾಗಿ ಒಂದು ಸೆಂಟು. ಸಿಕ್ಕರೆ ಅದನ್ನೇ ಆರಿಸಿ.

ನೀರು ಅಳೆದು ಚೆಲ್ಲಲು ಜನರೇ ಇಲ್ಲದ ಜಾಗಕ್ಕೆ ಹೇಳಿಮಾಡಿಸಿದ ಯಂತ್ರ ಇದು. ಐಸ್‌ಲ್ಯಾಂಡಿನ ದಕ್ಷಿಣಕ್ಕಿರುವ ಸುರ್ಟ್ಸೇ ದ್ವೀಪವನ್ನು ನೋಡಿ. 1963ರ ನವೆಂಬರಿನಲ್ಲಿ ಸಮುದ್ರದೊಳಗಿನ ಜ್ವಾಲಾಮುಖಿಯಿಂದ ಎದ್ದು, 1967ರವರೆಗೆ ಬೆಳೆದು, ಅಲೆಗಳ ಹೊಡೆತಕ್ಕೆ ಸವೆದು ಈಗ ಸುಮಾರು ಅರ್ಧಕ್ಕೆ ಇಳಿದಿದೆ. ಹೆಚ್ಚೆಂದರೆ ನಮ್ಮಲ್ಲಿನ ಒಂದು ದೊಡ್ಡ ಎಸ್ಟೇಟಿನಷ್ಟು. ವಿಜ್ಞಾನಿಗಳನ್ನು ಬಿಟ್ಟು ಬೇರೆಯವರು ಕಾಲಿಡುವಂತಿಲ್ಲ. 2009ರಿಂದ ಅಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರವಿದೆ. ಅಂಥ ಉತ್ತರದ ದ್ವೀಪಗಳಲ್ಲಿ ಮಳೆಮಾಪಕಕ್ಕೆ ಶತ್ರು ಗಾಳಿ ಮತ್ತು ಹಿಮ. ಗಾಳಿ ಹನಿಯನ್ನು ಬಾಯಿಯ ಮೇಲಿಂದಲೇ ಹಾರಿಸಿಕೊಂಡು ಹೋಗುತ್ತದೆ, ಹಿಮವನ್ನಂತೂ ಇನ್ನೂ ಸುಲಭವಾಗಿ. ಅದಕ್ಕೇ ಚಳಿ ದೇಶಗಳಲ್ಲಿ ಮಾಪಕದ ಸುತ್ತ ಗಾಳಿತಡೆ ಕಟ್ಟುತ್ತಾರೆ, ಒಳಗೆ ಹೀಟರ್ ಇಡುತ್ತಾರೆ.

ಇಲ್ಲಿ ಹೀಟರಿಗೆ ದುಡ್ಡು ಹಾಕಬೇಡಿ. ನಮ್ಮ ತೊಂದರೆಗಳೇ ಬೇರೆ. ಮೊದಲನೆಯದು ಸಿಲ್ವರ್ ಓಕ್ ಎಲೆ. ಬಟ್ಟಲಿಗೆ ನೀರಿಳಿಸುವ ಕೊಳವೆಯ ತೂತಿಗೆ ಒಂದೇ ಎಲೆ ಅಡ್ಡ ಬಿದ್ದರೂ ನೀರು ಮೇಲೆ ನಿಂತು ತೊಟ್ಟಿಕ್ಕುತ್ತದೆ. ಸಂಜೆಯ ಜಡಿಮಳೆ ರಾತ್ರಿಯಿಡೀ ಬಿದ್ದ ಸೋನೆಯಂತೆ ದಾಖಲಾಗುತ್ತದೆ. ಆಕಾಶ ಬಿಟ್ಟ ಮೇಲೂ ಗ್ರಾಫಿನಲ್ಲಿ ಮಳೆ ಮುಂದುವರಿದಿದ್ದರೆ ತೂತು ಕಟ್ಟಿದೆ ಎಂದೇ ಅರ್ಥ. ಪೂರ್ತಿ ಸೊನ್ನೆ ತೋರಿಸಿದರೆ ಬಟ್ಟಲಿಗೆ ಜೇಡ ಬಲೆ ಕಟ್ಟಿದೆಯೇ, ಇರುವೆ ಗೂಡು ಮಾಡಿದೆಯೇ ನೋಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಚ್ಚಿ ಒರೆಸಲೇಬೇಕು.

ಎರಡನೆಯದು ಮಳೆಯ ರಭಸ. ಗಂಟೆಗೆ ನಾಲ್ಕು ಇಂಚಿನ ವೇಗದಲ್ಲಿ ಸುರಿಯುವಾಗ 0.2 ಮಿ.ಮೀ. ಬಟ್ಟಲು ಏಳು ಸೆಕೆಂಡಿಗೊಮ್ಮೆ ಮಗುಚಬೇಕು. ಮಗುಚುವ ಅರೆ ಸೆಕೆಂಡಿನಲ್ಲಿ ಬಿದ್ದ ನೀರು ತುಂಬಿದ ಬಟ್ಟಲಿಗೇ ಹೋಗಿ ಲೆಕ್ಕ ತಪ್ಪುತ್ತದೆ. ಅಂಥ ಹೊತ್ತಿನಲ್ಲಿ ನೂರಕ್ಕೆ ಐದರಿಂದ ಏಳು ಪಾಲು ಕಡಿಮೆ ಬರುವುದು ಸಹಜ. ಮಳೆ ಕಡಿಮೆಯಿರುವ ಕುಶಾಲನಗರ ಕಡೆಯವರಿಗೆ ಇದು ಅಷ್ಟಾಗಿ ಕಾಡದು. ಜಡಿಮಳೆಯ ಭಾಗಮಂಡಲ ಕಡೆಯವರು ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಡಿಸ್‌ಪ್ಲೇಯೊಂದನ್ನೇ ನಂಬುವಂತಿಲ್ಲ. ಸೋಲಾರ್ ಚಾರ್ಜೂ ಆಗ ಸಾಲದು, ಸೆಲ್ ಬದಲಾಯಿಸಿಯೇ ಜೂನ್‌ಗೆ ಕಾಲಿಡಿ.

ಇಡುವ ಜಾಗಕ್ಕೆ ಕಣವೇ ಸರಿ. ಪಕ್ಕದ ಮರದ ಎತ್ತರದ ಎರಡರಷ್ಟಾದರೂ ದೂರ ಬೇಕು: ಅರವತ್ತು ಅಡಿ ಮರವಿದ್ದರೆ ನೂರಿಪ್ಪತ್ತು ಅಡಿ. ಮಟ್ಟಗೋಲು ಹಿಡಿದು ಕೂರಿಸಿ. ವಾಲಿದ್ದರೆ ಎರಡು ಬಟ್ಟಲೂ ಸಮ ತುಂಬುವುದಿಲ್ಲ.

ತಂದ ದಿನವೇ ಪರೀಕ್ಷಿಸಿ. ಬಾಯಿಯ ಅಗಲ 16 ಸೆಂ.ಮೀ. ಇದ್ದರೆ ವಿಸ್ತೀರ್ಣ ಸುಮಾರು 200 ಚದರ ಸೆಂ.ಮೀ. ಬಾಟಲಿಯ ತಳಕ್ಕೆ ಸೂಜಿಯಲ್ಲಿ ತೂತು ಮಾಡಿ 200 ಮಿ.ಲೀ. ನೀರನ್ನು ಅರ್ಧ ಗಂಟೆಯಲ್ಲಿ ಇಳಿಯುವಂತೆ ಬಿಡಿ. 10 ಮಿ.ಮೀ., ಅಂದರೆ 39 ಸೆಂಟು ತೋರಿಸಬೇಕು. 35 ಬಂದರೆ ಬಟ್ಟಲಿನ ಕೆಳಗಿನ ಎರಡೂ ಸ್ಕ್ರೂಗಳನ್ನು ಸಮನಾಗಿ ಸ್ವಲ್ಪ ಮೇಲಕ್ಕೆತ್ತಿ, ಮತ್ತೆ ಸುರಿದು ನೋಡಿ. ಸ್ಕ್ರೂ ಇಲ್ಲದ ಮಾದರಿ ಬೇಡವೇ ಬೇಡ.

ಯಂತ್ರ ನಿಜಕ್ಕೂ ಗೆಲ್ಲುವುದು ಹೂಮಳೆಯಲ್ಲಿ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯಲ್ಲಿ. ರೊಬಸ್ಟಾ ಕಾಫಿಗೆ ಒಂದು ಇಂಚಾದರೂ ಬೇಕು. ರಾತ್ರಿ ಹತ್ತಕ್ಕೆ ಮಳೆ ನಿಂತು ಡಿಸ್‌ಪ್ಲೇ 40 ಸೆಂಟು ತೋರಿಸಿದರೆ, ಉಳಿದದ್ದಕ್ಕೆ ಸ್ಪ್ರಿಂಕ್ಲರ್ ಜೋಡಿಸುವ ತಯಾರಿ ಆಗಲೇ ಶುರು ಮಾಡಬಹುದು. ಹಳೇ ಡಬ್ಬಿಯನ್ನು ನೋಡುವುದು ಬೆಳಿಗ್ಗೆ ಎಂಟೂವರೆಗೆ.

ಹಾಗೆಂದು ಡಬ್ಬಿಯನ್ನು ಗುಜರಿಗೆ ಹಾಕಬೇಡಿ. ರೈಟರ್ (ತೋಟದ ಗುಮಾಸ್ತ) ದಿನಾ ಅಳೆದು ಬರೆದ ಪುಸ್ತಕದ ಲೆಕ್ಕವೇ ಮೇಲು, ಡಿಸ್‌ಪ್ಲೇ ಅದರ ಸಹಾಯಕ. ಆದರೆ ಡಬ್ಬಿಯೊಳಗಿನ ಬಾಟಲಿಯನ್ನೊಮ್ಮೆ ನೋಡಿಕೊಳ್ಳಿ: 200 ಚದರ ಸೆಂ.ಮೀ. ಬಾಯಿಗೆ ನಾಲ್ಕು ಲೀಟರಿನದಿದ್ದರೆ 200 ಮಿ.ಮೀ.ಗೆ, ಎಂಟು ಇಂಚಿಗೂ ಮೊದಲೇ, ತುಂಬಿ ಹರಿಯುತ್ತದೆ. ಮಳೆಗಾಲಕ್ಕೆ ಹತ್ತು ಲೀಟರಿನದೇ ಹಾಕಿ.